ಜಿಕೆವಿಕೆ ಕೃಷಿ ಮೇಳ: ಸ್ಟಾಲ್ ಆಮೇಲೆ, ಮೊದ್ಲು ತಾಕು ನೋಡಿ

ಬೆಂಗಳೂರು ಕೃಷಿ ವಿವಿಯೋರು ತಮ್ಮ ಜಿಕೆವಿಕೆ ಕ್ಯಾಂಪಸಲ್ಲಿ ಸಾಮಾನ್ಯವಾಗಿ ನವೆಂಬರಲ್ಲಿ ಮಾಡೋ ಕೃಷಿ ಮೇಳಕ್ಕೆ ಹೋಗೋರಿಗೆ ಒಂದು ಮಾತು, ಒಳಗೆ ಹೋದ ತಕ್ಷಣ ಸ್ಟಾಲ್ ಕಡೆ ತಿರುಗ್ಬೇಡಿ, ಸೀದಾ ಬೆಳೆ ತಾಕುಗಳ, ಅಂದ್ರೆ ಜನಕ್ಕೆ ತೋರಿಸೋಕೆ ಅಂತ ಬೆಳೆ ಬೆಳೆದಿರೋ ಹೊಲದ ತುಂಡುಗಳ ಹತ್ರ ಹೋಗಿ. ಮೇಳದ ಜೀವ ಇರೋದೇ ಅಲ್ಲಿ.

ರಾಗಿ ತಾಕಿನ ಬದುವಲ್ಲಿ ಒಬ್ರು ವಯಸ್ಸಾದ ರೈತರು ಪ್ಲಾಸ್ಟಿಕ್ ಕವರಿಂದ ಒಣಗಿದ ತೆನೆ ತೆಗೆದು "ಇದ್ಯಾಕೆ ಸಾ ಹಿಂಗಾಗದೆ?" ಅಂತ ಕೇಳಿದ್ರು. ತೆನೆಯ ಕುತ್ತಿಗೆ ಕಪ್ಪಗಾಗಿತ್ತು, ಕಾಳು ಜೊಳ್ಳು. ಅಲ್ಲಿದ್ದ ವಿವಿ ವಿಜ್ಞಾನಿ ಕೈಗೆ ತಗೊಂಡು ತಿರುಗಿಸಿ ನೋಡಿ "ಬೆಂಕಿ ರೋಗ ಯಜಮಾನ್ರೇ, ಬೀಜೋಪಚಾರ ಮಾಡಿದ್ರಾ? ಯೂರಿಯಾ ಎಷ್ಟು ಹಾಕಿದ್ರಿ?" ಅಂತ ಶುರು ಮಾಡಿದೋರು ಜಿಪಿಯು-28 ತಳಿ ಯಾಕೆ ಈ ರೋಗ ತಡ್ಕೊಳ್ಳತ್ತೆ ಅನ್ನೋವರೆಗೂ ನಿಂತೇ ಹೇಳಿದ್ರು, ಸುತ್ತ ಇದ್ದೋರೆಲ್ಲ ಕಿವಿಗೊಟ್ಟು ಕೇಳ್ತಿದ್ರು, ಒಬ್ರು ಬೀಡಿ ಪೊಟ್ಟಣದ ಹಿಂದೆ ತಳಿ ಹೆಸರು ಬರ್ಕೊಂಡ್ರು.

1964ರಲ್ಲಿ ಈ ವಿವಿ ಶುರುವಾದಾಗ್ಲೇ ಬೋಧನೆ, ಸಂಶೋಧನೆ ಜೊತೆಗೆ ವಿಸ್ತರಣೆನೂ, ಅಂದ್ರೆ ಕಂಡುಕೊಂಡಿದ್ದನ್ನ ರೈತರಿಗೆ ತಲುಪಿಸೋದೂ ಅದರ ಕೆಲಸ ಅಂತ ಇತ್ತು. ನಮ್ಮ ದುಡ್ಡಲ್ಲಿ ನಡೆಯೋ ವಿವಿ ನಮ್ಮ ಪ್ರಶ್ನೆಗೆ ಉತ್ತರ ಕೊಡ್ಲೇಬೇಕು, ಪೇಪರ್ ಬರೆದು ಪ್ರಮೋಷನ್ ತಗೊಂಡ್ರೆ ಸಾಲದು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನೋರು ನಮ್ಮ ರಾಗಿ, ಆಫ್ರಿಕಾ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ರಲ್ಲ, ಅದು ಹೊಲಕ್ಕೆ ಬಂದಿದ್ದರಿಂದ್ಲೇ ಹಳೇ ಮೈಸೂರು ಕಡೆ ಎಷ್ಟೋ ಮನೆಲಿ ಕಣಜ ತುಂಬಿದ್ದು.

ಇನ್ನು ಮೇಳದ ಸ್ಟಾಲ್‌ಗಳಲ್ಲಿ ಬಿತ್ತನೆ ಬೀಜ, ವಿವಿ ಪುಸ್ತಕ ಎರಡೂ ಚೆನ್ನಾಗಿವೆ. ಮುದ್ದೆ ಊಟನೂ ಸಿಗತ್ತೆ. ಪ್ರೈವೇಟ್ ಯಂತ್ರದ ಅಂಗಡಿಗಳಲ್ಲಿ ಮಾತ್ರ ಹುಷಾರು, ಒಂದು ಕಡೆ ಕಳೆ ತೆಗೆಯೋ ಮಿಷಿನ್ ರೇಟ್ ಕೇಳಿದ್ರೆ ಸಬ್ಸಿಡಿ ಕಳೆದ ರೇಟ್ ಅಷ್ಟೇ ಹೇಳಿದ್ರು, ಪೂರ್ತಿ ರೇಟ್ ಬಾಯ್ಬಿಡಿಸೋಕೆ ಸಾಕಾಗಿ ಹೋಯ್ತು.

ಕಾನೂನು, ಇಂಜಿನಿಯರಿಂಗ್ ಕಲಿಸೋ ಸರ್ಕಾರಿ ವಿವಿಗಳೂ ವರ್ಷಕ್ಕೊಂದ್ಸಲ ಹಿಂಗೆ ಗೇಟ್ ತೆಗೀಲಿ. ಪಹಣಿ ತಕರಾರು ಇರೋರು, ಊರ ಕುಡಿಯೋ ನೀರು ಟೆಸ್ಟ್ ಮಾಡಿಸ್ಬೇಕಾದೋರು ಎಷ್ಟು ಜನ ಇದಾರೆ, ಮೇಷ್ಟ್ರುಗಳು ಎದುರಿಗೆ ಕೂತು ಉತ್ತರ ಕೊಡ್ಲಿ.

ಹೋಗೋದಾದ್ರೆ ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆನೇ ಹೋಗಿ, ಬಳ್ಳಾರಿ ರೋಡ್ ಟ್ರಾಫಿಕ್ ತಪ್ಪತ್ತೆ. ರೋಗ ಬಂದ ಗಿಡ ಇದ್ರೆ ಫೋಟೋ ಸಾಲಲ್ಲ, ಬೇರು ಸಮೇತ ಕಿತ್ತು ತಗೊಂಡ್ಹೋಗಿ.