ಚಿಕ್ಕ 200 ಆಂಪ್ಸ್ ಮಿಗ್ ಮೆಷಿನ್: ಬೈಯುವ ಮೊದಲು ಪ್ಲಸ್ಸು ಮೈನಸ್ಸು ನೋಡಿ

ಒಂದು ಕೆ.ಜಿ. ವೈರ್ ಸುರುಳಿ (ಸ್ಪೂಲ್) ಕೂರಿಸಿ ಸಿಂಗಲ್ ಫೇಸ್‌ನಲ್ಲಿ ಓಡಿಸುವ, ವೈರನ್ನು ತಾನೇ ತಳ್ಳುತ್ತಾ ಬೆಸೆಯುವ ಈ ಮಿಗ್ ವೆಲ್ಡಿಂಗ್ ಮೆಷಿನ್‌ಗಳ ಮೇಲೆ ಸಾಮಾನ್ಯವಾಗಿ ಕೇಳಿಬರುವ ದೂರು: ಬರೀ ಕಿಡಿ ಹಾರುತ್ತದೆ, ಬೀಡ್ (ಬೆಸುಗೆಯ ಗೆರೆ) ಮೇಲೇ ಕೂತು ಸುತ್ತಿಗೆಯಲ್ಲಿ ತಟ್ಟಿದರೆ ಕಿತ್ತು ಬರುತ್ತದೆ. ಮೆಷಿನ್ ವಾಪಸ್ ಕಳಿಸುವ ಮುಂಚೆ ಒಳಗಿನ ಕನೆಕ್ಷನ್ ನೋಡಿ. ಗ್ಯಾಸ್ ಬೇಡದ ಫ್ಲಕ್ಸ್ ವೈರ್‌ಗೆ ಟಾರ್ಚ್ (ಕೈಯಲ್ಲಿ ಹಿಡಿಯುವ ಗನ್) ಮೈನಸ್‌ನಲ್ಲಿ, ಅರ್ತ್ ಕ್ಲ್ಯಾಂಪ್ ಪ್ಲಸ್‌ನಲ್ಲಿ ಇರಬೇಕು. ಗ್ಯಾಸ್ ಜೊತೆ ಓಡುವ ಸಾಲಿಡ್ ವೈರ್‌ಗೆ ಉಲ್ಟಾ. ಮ್ಯಾನುಯಲ್‌ನಲ್ಲಿ ಇದು ಒಂದು ಮೂಲೆಯ ಚಿತ್ರವಾಗಿ ಇರುತ್ತದೆ, ಯಾರೂ ನೋಡುವುದಿಲ್ಲ.

ಎರಡನೇ ತಲೆನೋವು ವೈರ್ ತಳ್ಳುವ ರೋಲರ್ ಹತ್ತಿರ ವೈರ್ ಗುಬ್ಬಚ್ಚಿ ಗೂಡಿನಂತೆ ಸಿಕ್ಕಾಗುವುದು. ಫ್ಲಕ್ಸ್ ವೈರ್ ಒಳಗೆ ಪುಡಿ ತುಂಬಿದ ಕೊಳವೆ. ವೈರ್ ಜಾರುತ್ತಿದೆ ಎಂದು ರೋಲರ್ ಟೆನ್ಶನ್ ಬಿಗಿದಷ್ಟೂ ಅದು ಚಪ್ಪಟೆಯಾಗಿ, ಟಾರ್ಚ್ ಕೇಬಲ್ ಒಳಗೆ ವೈರ್ ಸಾಗುವ ಕೊಳವೆಯಾದ ಲೈನರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಹಲ್ಲುಗೆರೆ ಇರುವ ರೋಲರ್ ಬೇಕು, ಸಾಲಿಡ್ ವೈರ್‌ಗೆ ನಯವಾದ ವಿ ಗ್ರೂವ್ ಸಾಕು. ಒಣ ಮರದ ತುಂಡಿನಿಂದ 5 ಸೆಂ.ಮೀ. ದೂರದಲ್ಲಿ ಟಾರ್ಚ್ ಹಿಡಿದು ವೈರ್ ಬಿಡಿ. ಜಾರದೆ ಬಾಗಿಕೊಂಡು ಬಂದರೆ ಟೆನ್ಶನ್ ಸರಿ. ಟ್ರಿಗರ್ ಬಿಟ್ಟ ಮೇಲೂ ಸ್ಪೂಲ್ ತಿರುಗುತ್ತಿದ್ದರೆ ಅದರ ನಟ್ಟನ್ನು ಸ್ವಲ್ಪ ಬಿಗಿಯಿರಿ.

ಟಾರ್ಚ್ ತುದಿಯಲ್ಲಿ ವೈರ್ ಹೊರಬರುವ ಟಿಪ್‌ಗೇ ವೈರ್ ಅಂಟಿದರೆ ಫೀಡ್ (ವೈರ್ ವೇಗ) ಕಮ್ಮಿ, ಇಲ್ಲವೇ ವೋಲ್ಟೇಜ್ ಜಾಸ್ತಿ, ಇಲ್ಲವೇ ಟಾರ್ಚ್ ತೀರಾ ಹತ್ತಿರ. 2 ಮಿ.ಮೀ. ಚೌಕ ಪೈಪ್‌ಗೆ 0.8 ಮಿ.ಮೀ. ಸಾಲಿಡ್ ವೈರ್ ಹಾಕಿದ್ದರೆ 18 ವೋಲ್ಟ್, ವೈರ್ ವೇಗ ನಿಮಿಷಕ್ಕೆ 4 ಮೀಟರ್ ಆಸುಪಾಸಿನಿಂದ ಶುರು ಮಾಡಿ. ಟಿಪ್‌ನಿಂದ ಹೊರಗೆ ಸಾಲಿಡ್ ವೈರ್ 10 ಮಿ.ಮೀ., ಫ್ಲಕ್ಸ್ ವೈರ್ 15 ಮಿ.ಮೀ. ಇರಲಿ.

ಗ್ಯಾಸ್ ಇದ್ದೂ ಬೀಡ್‌ನಲ್ಲಿ ಸೂಜಿ ತೂತು ಬಂದರೆ ನಿಮಿಷಕ್ಕೆ 10ರಿಂದ 15 ಲೀಟರ್ ಹರಿವು ಇದೆಯೇ, ಗ್ಯಾಸ್ ಹೊರಬರುವ ನೋಝಲ್ ಒಳಗೆ ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಕಟ್ಟಿದೆಯೇ, ಫ್ಯಾನ್ ಗಾಳಿ ಬೀಸುತ್ತಿದೆಯೇ ನೋಡಿ. ಹರಿವು ಇನ್ನೂ ಏರಿಸಿದರೆ ಗ್ಯಾಸ್ ಸುಳಿಯೆದ್ದು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ತುಕ್ಕು, ಪೇಂಟ್ ಮೊದಲೇ ಗ್ರೈಂಡ್ ಮಾಡಿರಬೇಕು.

ನಿಜವಾಗಿ ಬೈಯಬೇಕಾದ್ದು ಜೊತೆಗೆ ಕೊಡುವ ತೆಳು ಅರ್ತ್ ಕ್ಲ್ಯಾಂಪ್‌ಗೆ. ಹಿಡಿತ ಸಡಿಲ, ಬಿಸಿಯಾಗುತ್ತದೆ, ಆರ್ಕ್ ಬಿಟ್ಟು ಬಿಟ್ಟು ಬರುತ್ತದೆ. ಡಬ್ಬಿ ಮೇಲಿನ 200 ಆಂಪ್ಸ್ ಕೂಡ 16 ಆಂಪ್ಸ್ ಸಾಕೆಟ್‌ನಲ್ಲಿ ಸಿಗುವಂಥದ್ದಲ್ಲ. ಉದ್ದದ ತೆಳು ಎಕ್ಸ್‌ಟೆನ್ಶನ್ ಹಾಕಿದರೆ ಇನ್ನೂ ಸೋಲುತ್ತದೆ.

ಗೇಟು, ಗ್ರಿಲ್ಲು, ಮನೆ ರಿಪೇರಿಗೆ ಧಾರಾಳ ಸಾಕು, ದಿನವಿಡೀ 6 ಮಿ.ಮೀ. ಪ್ಲೇಟ್ ಬೆಸೆಯುವವರಿಗೆ ಅಲ್ಲ. ಕೊಳ್ಳುವಾಗಲೇ 0.8 ಮಿ.ಮೀ. ಟಿಪ್ ಹತ್ತು, ಹಲ್ಲುಗೆರೆ ರೋಲರ್ ಒಂದು, ಗಟ್ಟಿ ಹಿತ್ತಾಳೆ ಕ್ಲ್ಯಾಂಪ್ ಒಂದು ಸೇರಿಸಿಕೊಳ್ಳಿ.