ಜಿಟಿಒ, ಶೆವೆಲ್, ರೋಡ್ ರನ್ನರ್: ಕಡಿಮೆ ಓಡಿದವೆಂದು ಮಾರಾಟಕ್ಕಿದ್ದ ಮೂರು ಕಾರುಗಳನ್ನು ಓಡಿಸಿ ನೋಡಿದ ಮೇಲೆ

ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಮಳೆಗೆ ತೊಳೆದುಹೋದ ಮೇಲೆ, ಮೇ ತಿಂಗಳಿನಲ್ಲಿ, ಡೆಟ್ರಾಯ್ಟಿನ ಆಸುಪಾಸಿನಲ್ಲಿ ಮಾರಾಟಕ್ಕಿದ್ದ ಮೂರು ಹಳೆಯ ಮಸಲ್ ಕಾರುಗಳನ್ನು (ಸಾಧಾರಣ ಗಾತ್ರದ ಮೈಗೆ ದೊಡ್ಡ ಎಂಜಿನ್ ಹಾಕಿದ ಅಮೆರಿಕದ ವೇಗದ ಕಾರುಗಳನ್ನು) ಎರಡು ವಾರಗಳಲ್ಲಿ ನೋಡಿ, ಓಡಿಸಿ ಬಂದೆ. 1968ರ ಪ್ಲಿಮತ್ ರೋಡ್ ರನ್ನರ್ 61 ಸಾವಿರ ಮೈಲಿ, 1969ರ ಪಾಂಟಿಯಾಕ್ ಜಿಟಿಒ 38 ಸಾವಿರ, 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 396 ಕೇವಲ 17 ಸಾವಿರ ಮೈಲಿ ತೋರಿಸುತ್ತಿದ್ದವು. ಮೈಲಿ ಕಡಿಮೆಯಾದಷ್ಟೂ ಬೆಲೆ ಏರಿತ್ತು. ಆ ಅಂಕಿಗೆ ಅಷ್ಟು ಹಣ ಕೊಡುವುದು ಸರಿಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಈ ಕಾಲದ ಓಡೋಮೀಟರಿನಲ್ಲಿ ಮೈಲಿಗೆ ಇರುವುದು ಐದೇ ಅಂಕಿಗಳು. 99,999 ದಾಟಿದರೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ 17 ಸಾವಿರ ಎಂದು ಕಾಣುವುದು 1,17,000 ಆಗಿರಲೂಬಹುದು. ಮಾರುವಾಗ ಮೈಲಿಯನ್ನು ಬರೆದು ಸಹಿ ಮಾಡಬೇಕೆಂಬ ಅಮೆರಿಕದ ಕಾನೂನು ಇಷ್ಟು ಹಳೆಯ ಕಾರುಗಳಿಗೆ ಅನ್ವಯಿಸುವುದಿಲ್ಲವಾದ ಕಾರಣ, ಕೊಳ್ಳುವವನು ನಂಬಬೇಕಾದದ್ದು ಪೆಡಲಿನ ರಬ್ಬರು, ಚಾಲಕನ ಸೀಟಿನ ಅಂಚು, ಬಾಗಿಲಿನ ಕೀಲು ಇಂಥವುಗಳ ಸವಕಳಿಯನ್ನೇ.

ಹಾಗೆ ನೋಡಿದರೆ ಶೆವೆಲ್ ಸುಳ್ಳು ಹೇಳುತ್ತಿರಲಿಲ್ಲ. ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳು ಮೂಲೆಯವರೆಗೂ ಚೂಪಾಗಿದ್ದವು, ಬಾಗಿಲು ಒಂದು ಬೆರಳಿನ ಒತ್ತಿಗೆ ಮುಚ್ಚಿಕೊಳ್ಳುತ್ತಿತ್ತು, ಬಾಗಿಲ ಚೌಕಟ್ಟಿನಲ್ಲಿ 1974ರಲ್ಲಿ ಆಯಿಲ್ ಬದಲಿಸಿದಾಗ ಅಂಟಿಸಿದ ಚೀಟಿಯ ಮೇಲೆ ಮಾಸಿದ ಪೆನ್ಸಿಲಿನಲ್ಲಿ 15,840 ಎಂದು ಬರೆದಿತ್ತು. ಅಂದರೆ ಅರ್ಧ ಶತಮಾನದಲ್ಲಿ ಈ ಕಾರು ಹೆಚ್ಚೆಂದರೆ ಸಾವಿರದ ಚಿಲ್ಲರೆ ಮೈಲಿ ಓಡಿದೆ. ಟೈರಿನ ಮೇಲಿನ ತಯಾರಿಕೆಯ ಸಂಕೇತ ಮೂರೇ ಅಂಕಿಯದು, ಎಂದರೆ 2000ಕ್ಕಿಂತ ಹಿಂದಿನದು. ಹಾಗಾಗಿ ನಲವತ್ತು ಮೈಲಿ ವೇಗವನ್ನು ದಾಟುವ ಧೈರ್ಯ ನನಗೆ ಬರಲಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಳಗೆ ಪೆಟ್ರೋಲಿನ ವಾಸನೆ ತುಂಬಿತು. ಎಸ್‌ಎಸ್ (ಸೂಪರ್ ಸ್ಪೋರ್ಟ್) ಎಂಬ ಹೆಚ್ಚು ಶಕ್ತಿಯ ಪ್ಯಾಕೇಜಿನೊಂದಿಗೇ ಬರುತ್ತಿದ್ದ ಮುಂದಿನ ಡಿಸ್ಕ್ ಬ್ರೇಕುಗಳು ಈ ಮೂರರಲ್ಲಿ ಇದಕ್ಕಿದ್ದ ದೊಡ್ಡ ಹೆಚ್ಚುಗಾರಿಕೆ. ಆದರೆ ಒಂದು ಬದಿಯಲ್ಲಿ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಜಾಮ್ ಆಗಿ, ಬ್ರೇಕ್ ಹಾಕಿದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತಿತ್ತು. ಸಿಗ್ನಲಿನಲ್ಲಿ ಎಂಜಿನ್ ಆಫ್ ಆಗಿ, ಹಿಂದಿನವರ ಹಾರ್ನ್ ಕೇಳುತ್ತಾ ನಾಲ್ಕು ಸಲ ಸ್ಟಾರ್ಟ್ ಮಾಡಬೇಕಾಯಿತು. ಮರಳಿ ನಿಲ್ಲಿಸಿದ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿತು. ಒಣಗಿದ ಸೀಲು, ಗಟ್ಟಿಯಾದ ರಬ್ಬರು, ತುಕ್ಕು ಹಿಡಿದ ಟ್ಯಾಂಕು, ಇವೆಲ್ಲ ಓಡಿಸದೆ ನಿಲ್ಲಿಸಿದ್ದರಿಂದ ಬಂದ ರೋಗಗಳು.

ಇದಕ್ಕಿಂತ ದೊಡ್ಡ ಅಡ್ಡಿ ಕಾಗದದ್ದು. 1970ರ ಶೆವೆಲ್‌ನ ಚಾಸಿಸ್ ನಂಬರು ಅದು ಎಸ್‌ಎಸ್ ಹೌದೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ಶೆವೆಲ್ ಸಾಲಿನದೇ ಸಾಮಾನ್ಯ ವಿ8 (ಎಂಟು ಸಿಲಿಂಡರಿನ) ಮಾಲಿಬು ಕೂಪೆಯ ನಂಬರೂ ಎಸ್‌ಎಸ್ ಕೂಪೆಯ ನಂಬರೂ 13637 ಎಂದೇ ಆರಂಭವಾಗುತ್ತವೆ. ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಕಾರ್ಖಾನೆಯ ಬಿಲ್ಡ್ ಶೀಟಿನಂಥ ಮೂಲ ಕಾಗದ ಸಿಕ್ಕಿದರೆ ಮಾತ್ರ ಗಟ್ಟಿಯಾಗಿ ಹೇಳಬಹುದಿತ್ತು, ಅದು ಮಾರಾಟಗಾರರ ಬಳಿ ಇರಲಿಲ್ಲ. ಅಂದಹಾಗೆ, ಆ ವರ್ಷ 396 ಎಂಬ ಬಿಲ್ಲೆಯ ಕೆಳಗೆ ಇದ್ದದ್ದು 402 ಘನ ಅಂಗುಲದ ಎಂಜಿನ್. ಬಿಲ್ಲೆಯನ್ನು ನಂಬುವವರಿಗೆ ಅಷ್ಟು ಸಾಕು.

ರೋಡ್ ರನ್ನರ್‌ನಲ್ಲಿ ಈ ಗೊಂದಲವಿಲ್ಲ. ನಂಬರು ಆರ್‌ಎಂ ಎಂದು ಆರಂಭವಾಗಿ, ಐದನೆಯ ಸ್ಥಾನದಲ್ಲಿ ಎಚ್ ಇದ್ದರೆ ಅದು 335 ಅಶ್ವಶಕ್ತಿಯ, 383 ಘನ ಅಂಗುಲದ ಎಂಜಿನ್ನಿನ ರೋಡ್ ರನ್ನರ್. ಉದ್ದೇಶಪೂರ್ವಕವಾಗಿಯೇ ಅಗ್ಗಮಾಡಿದ ಕಾರು ಇದು: ಬೆಂಚ್ ಸೀಟು, ನೆಲಕ್ಕೆ ರಬ್ಬರಿನ ಹಾಸು, ನಾಲ್ಕು ಗೇರು, ಉಳಿದ ಹಣವೆಲ್ಲ ಎಂಜಿನ್ನಿಗೆ. ಆದರೆ ರೋಡ್ ರನ್ನರ್ ಎಂಬ ಕಾರ್ಟೂನ್ ಹಕ್ಕಿಯ ಹೆಸರಿಗೂ ಚಿತ್ರಕ್ಕೂ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿದ್ದ ಕಂಪನಿ ಹಾರ್ನನ್ನೂ ಆ ಹಕ್ಕಿಯ ಬೀಪ್ ಬೀಪ್ ದನಿಗೆ ಹೊಂದಿಸಿತ್ತು. ಓಡಿಸುವ ಸಂತೋಷದಲ್ಲಿ ಮೂರರಲ್ಲಿ ಇದೇ ಮೊದಲನೆಯದು ಎಂದು ಒಪ್ಪುತ್ತೇನೆ. ದುರದೃಷ್ಟವೆಂದರೆ, ನಮ್ಮ ಮನೆಯ ಫ್ರಿಜ್ಜಿನಿಂದ ಕಿತ್ತು ತಂದಿದ್ದ ಯಕ್ಷಗಾನ ಕಿರೀಟದ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಂಚಕ್ರದ ಸುತ್ತಲಿನ ಮೈಯ ಮೇಲ್ಭಾಗಕ್ಕೆ ಹಿಡಿದಾಗ ಅಂಟಿಕೊಂಡಿತು, ಕೆಳಭಾಗದಲ್ಲಿ ಜಾರಿ ಬಿತ್ತು. ಅಲ್ಲಿ ತಗಡಿರಲಿಲ್ಲ, ಬಣ್ಣದ ಕೆಳಗೆ ಬರೀ ಪುಟ್ಟಿ ಇತ್ತು. ಅಲ್ಲಿಗೆ ಆ ಮಾತುಕತೆ ಮುಗಿಯಿತು.

ಜಿಟಿಒ ಮಾರುತ್ತಿದ್ದ ನಿವೃತ್ತ ಶಿಕ್ಷಕರು ಕೀಲಿ ಕೊಡುವ ಮೊದಲೇ ಒಂದು ಫೈಲನ್ನು ಕೈಗಿತ್ತರು. ಪಾಂಟಿಯಾಕ್ ಕೊಳ್ಳುವವರಿಗಿರುವ ದೊಡ್ಡ ಅನುಕೂಲವೆಂದರೆ, ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆಯಿಂದ ಆ ಕಾರಿನದೇ ಕಾರ್ಖಾನೆಯ ಬಿಲ್ಲಿನ ಪ್ರತಿಯನ್ನು ತರಿಸಿಕೊಳ್ಳಬಹುದು. ಬಿಲ್ಲಿನಲ್ಲಿದ್ದ ಬಣ್ಣ, ಆಟೊಮ್ಯಾಟಿಕ್ ಗೇರು, ಮುಚ್ಚಿಕೊಳ್ಳುವ ಹೆಡ್‌ಲೈಟು, ಬಾನೆಟ್ಟಿನ ಮೇಲಿನ ಟ್ಯಾಕೋಮೀಟರು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಮೀಟರು), ಎಲ್ಲವೂ ಕಾರಿನಲ್ಲಿದ್ದವು. ಜಿಟಿಒಗೇ ಮೀಸಲಾದ 242ರಿಂದ ನಂಬರು ಆರಂಭವಾಗಿತ್ತು, ಎಂಜಿನ್ನಿನ ಮೇಲೆ ಆಟೊಮ್ಯಾಟಿಕ್‌ಗೆ ಹೊಂದುವ ವೈಎಸ್ ಎಂಬ ಅಚ್ಚಿತ್ತು. ಅವರು ಪ್ರತಿ ಬೇಸಿಗೆಯಲ್ಲೂ ಕಾರನ್ನು ಐದಾರು ನೂರು ಮೈಲಿ ಓಡಿಸಿ, ಸೀಲು, ಹೋಸು, ಟೈರುಗಳನ್ನು ಕಾಲಕಾಲಕ್ಕೆ ಬದಲಿಸಿದ್ದಕ್ಕೆ ರಸೀದಿಗಳಿದ್ದವು.

ಫರ್ನ್‌ಡೇಲಿನಿಂದ ವುಡ್‌ವರ್ಡ್ ಅವೆನ್ಯೂ ಹಿಡಿದು, ಈ ಕಾರು ಹುಟ್ಟಿದ ಪಾಂಟಿಯಾಕ್ ನಗರದ ಕಡೆಗೇ ಓಡಿಸಿದೆ. 350 ಅಶ್ವಶಕ್ತಿ ಎಂಬುದು ಎಂಜಿನ್ನನ್ನು ಒಂಟಿಯಾಗಿ ನಿಲ್ಲಿಸಿ ಅಳೆದ ಅಂದಿನ ಲೆಕ್ಕವಾದ್ದರಿಂದ ಇಂದಿನ ಅಂಕಿಗೆ ಹೋಲಿಸಬಾರದು. ಆದರೂ 400 ಘನ ಅಂಗುಲದ ಎಂಜಿನ್ ಕಡಿಮೆ ವೇಗದಲ್ಲೇ ಎಳೆಯುವ ರೀತಿ ಬೇರೆಯೇ. ಗಾಜಿನಾಚೆ, ಬಾನೆಟ್ಟಿನ ಮೇಲೆ ಟ್ಯಾಕೋಮೀಟರಿನ ಮುಳ್ಳು ಏರುವುದನ್ನು ನೋಡುವಾಗ ರಸ್ತೆಯಿಂದ ಕಣ್ಣು ತೆಗೆಯಬೇಕಾಗುವುದಿಲ್ಲ. ದೋಷ ಬ್ರೇಕಿನದು. ನಾಲ್ಕೂ ಚಕ್ರಗಳಿಗೆ ಡ್ರಮ್. ಎರಡನೆಯ ಸಲ ಜೋರಾಗಿ ಒತ್ತಿದಾಗ ಹಿಡಿತ ಸಡಿಲವಾಯಿತು. ಸಾಗರದ ಚಿಕ್ಕಪ್ಪನ ಅಂಬಾಸಡರಿನಲ್ಲಿ, ಹೊಸನಗರದ ಇಳಿಜಾರುಗಳಲ್ಲಿ, ಪೆಡಲನ್ನು ಪಂಪ್ ಮಾಡಿ ನಿಲ್ಲಿಸಲು ಕಲಿತವನಾದ ನನಗೆ ಅದು ಹೊಸತಲ್ಲ, ಆದರೆ ಮಗನ ಕೈಗೆ ಕೊಡುವ ಮೊದಲು ಮುಂದಕ್ಕೆ ಡಿಸ್ಕ್ ಹಾಕಿಸಲೇಬೇಕು. ತೆಗೆದ ಡ್ರಮ್ಮುಗಳನ್ನು ಎತ್ತಿಟ್ಟರೆ ಮೂಲ ಸ್ಥಿತಿಗೆ ಮರಳಿಸಲು ಅಡ್ಡಿಯಿಲ್ಲ.

ಜಿಟಿಒಗೆ ಮುಂಗಡ ಕೊಟ್ಟೆ. ಹೆಡ್‌ಲೈಟ್ ಹಾಕಿದಾಗ ಬಲಗಡೆಯ ಮುಚ್ಚಳ ತೆರೆದು, ಎಡಗಡೆಯದು ನಿದ್ದೆ ಬಿಡದ ಮಗುವಿನಂತೆ ಅರೆಗಣ್ಣಿನಲ್ಲೇ ನಿಂತಿತ್ತು. ಮುಚ್ಚಳ ತೆರೆಯುವ ವ್ಯಾಕ್ಯೂಮ್ ಹೋಸಿನಲ್ಲಿ ಎಲ್ಲೋ ಗಾಳಿ ಸೋರುತ್ತಿದೆ. ಅದನ್ನು ಸರಿಪಡಿಸಿ ಕೊಡುತ್ತೇನೆಂದು ಶಿಕ್ಷಕರು ಹೇಳಿದರೂ, ಆ ಕೆಲಸವನ್ನು ನನಗೇ ಬಿಡಿ ಎಂದು ಕೇಳಿಕೊಂಡೆ.