ಮೆಕ್ಸಿಕೋ ಬಾರ್ಡರ್‌ನಲ್ಲಿ ಗಾಡಿ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ಕೊಡ್ತೀವಿ ಅನ್ನೋರನ್ನ ನಂಬಬೇಡಿ

ಟೆಕ್ಸಸ್‌ನಿಂದ ಕಾರಲ್ಲಿ ಮೆಕ್ಸಿಕೋಗೆ ಹೋಗೋ ಪ್ಲ್ಯಾನ್ ಇರೋರು, ಅದ್ರಲ್ಲೂ ಕ್ರಿಸ್‌ಮಸ್ ರಜೆಲಿ, ಸ್ಪ್ರಿಂಗ್ ಬ್ರೇಕಲ್ಲಿ ಹೋಗೋರು ದಯವಿಟ್ಟು ಪೂರ್ತಿ ಓದಿ. ಉದ್ದ ಇದೆ, ಸಿಟ್ಟಲ್ಲಿ ಬರೀತಿದೀನಿ, ಹಿಂದುಮುಂದು ಆಗಿರ್ಬೋದು, ಆದ್ರೂ ಓದಿ. ಮುಖ್ಯವಾದ್ದು ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಗಾಡಿ ಕೌಂಟರ್ ಮುಂದೆ ಹೋಗಿ ನಿಲ್ಲದೆ ಪರ್ಮಿಟ್ ಕ್ಯಾನ್ಸಲ್ ಆಗಲ್ಲ. ಏಜೆಂಟ್ ಇರ್ಲಿ, ಯಾರೇ ಇರ್ಲಿ, ಆಗಲ್ಲ ಅಂದ್ರೆ ಆಗಲ್ಲ. ಆಗತ್ತೆ ಅಂದೋನು ಸುಳ್ಳ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಬಾರ್ಡರ್ ಪಕ್ಕದ ಊರುಗಳನ್ನ ದಾಟಿ ಒಳಗೆ ಮಾಂಟೆರೆ, ಸ್ಯಾನ್ ಲೂಯಿಸ್ ಪೊಟೋಸಿ ಕಡೆ ಹೋಗ್ಬೇಕು ಅಂದ್ರೆ ಅಮೆರಿಕದ ನಂಬರ್ ಪ್ಲೇಟ್ ಗಾಡಿಗೆ ಟೆಂಪರರಿ ಇಂಪೋರ್ಟ್ ಪರ್ಮಿಟ್ ಬೇಕು. ಅದನ್ನ ಕೊಡೋದು ಬಾನ್ಹೆರ್ಸಿತೊ ಅನ್ನೋ ಮಿಲಿಟರಿ ಬ್ಯಾಂಕು. ಫೀಸ್ ಅಲ್ಲದೆ ಡೆಪಾಸಿಟ್ ಇಡ್ಬೇಕು, 2007 ಅಥವಾ ಅದಕ್ಕಿಂತ ಹೊಸ ಗಾಡಿ ಆದ್ರೆ 400 ಡಾಲರ್. ಪರ್ಮಿಟ್ 180 ದಿನದವರೆಗೂ ಸಿಗತ್ತೆ. ಪೇಪರ್ ಮೇಲಿರೋ ಕೊನೆ ತಾರೀಖಿನ ಒಳಗೆ ಗಾಡಿ ತಗೊಂಡು ಬಂದು ಕ್ಯಾನ್ಸಲ್ ಮಾಡ್ಸಿದ್ರೆ ಡೆಪಾಸಿಟ್ ವಾಪಸ್, ಇಲ್ಲಾಂದ್ರೆ ಮೆಕ್ಸಿಕೋ ಸರ್ಕಾರಕ್ಕೆ. ದುಡ್ಡು ಹೋಗೋದಷ್ಟೇ ಅಲ್ಲ, ಅವರ ಲೆಕ್ಕದಲ್ಲಿ ನಿಮ್ಮ ಗಾಡಿ ಇನ್ನೂ ಮೆಕ್ಸಿಕೋದಲ್ಲೇ ಇದೆ ಅಂತ ಇರತ್ತೆ, ಮುಂದಿನ ಸಲ ಪರ್ಮಿಟ್ ಸಿಗಲ್ಲ.

ನಾವಿರೋದು ಆಸ್ಟಿನ್‌ನಲ್ಲಿ. ಎರಡು ಫ್ಯಾಮಿಲಿ, ಎರಡು ಕಾರು, ಗ್ವಾನಹ್ವಾತೊ ಮತ್ತೆ ಸ್ಯಾನ್ ಮಿಗೆಲ್ ದೆ ಅಯೆಂದೆ ನೋಡ್ಕೊಂಡು ಬರೋಣ ಅಂತ ಹೊರಟಿದ್ದು. ನನ್ನ ಫ್ರೆಂಡು ಪರ್ಮಿಟ್ ಎಲ್ಲಾ ತಾನೇ ಆನ್‌ಲೈನಲ್ಲಿ ಮಾಡ್ಕೊಂಡ. ನಂಗೆ ಆಫೀಸಲ್ಲಿ ರಿಲೀಸ್ ಟೈಮು, ಪುರುಸೊತ್ತಿಲ್ಲ, ಹಂಗಾಗಿ ಬಾರ್ಡರ್ ಪಕ್ಕದ ಟೆಕ್ಸಸ್ ಊರು ಲರೇಡೊದಲ್ಲಿರೋ ಒಂದು ಇನ್ಶೂರೆನ್ಸ್ ಅಂಗಡಿಯವರನ್ನ ವಾಟ್ಸಾಪಲ್ಲಿ ಹಿಡಿದೆ. ಅಮೆರಿಕದ ಇನ್ಶೂರೆನ್ಸ್‌ನ ಲಯಬಿಲಿಟಿ ಮೆಕ್ಸಿಕೋದಲ್ಲಿ ನಡೆಯಲ್ಲ, ಅಲ್ಲಿಯ ಪಾಲಿಸಿ ಬೇರೆ ತಗೋಬೇಕು, ಎಲ್ರಿಗೂ ಗೊತ್ತಿರೋದೇ. ಅದನ್ನ ಕೇಳಕ್ಕೆ ಹೋದ್ರೆ ಅವ್ರು "ಫುಲ್ ಪ್ಯಾಕೇಜ್" ಅಂತ ಹಿಡ್ಕೊಂಡ್ರು. ಇನ್ಶೂರೆನ್ಸ್, ಪರ್ಮಿಟ್ ಅಪ್ಲಿಕೇಶನ್, ಜೊತೆಗೆ ವಾಪಸ್ ಬರೋವಾಗ ಕ್ಯಾನ್ಸಲೇಶನ್ ಸರ್ವೀಸ್. "ಸರ್, ಜನವರಿಲಿ ಅಲ್ಲಿ ಕ್ಯೂ ನೋಡಿದ್ರೆ ಅಳ್ತೀರಾ, ಮಕ್ಕಳಿದಾರೆ ಅಂತೀರಾ, ನಮ್ಮ ಹುಡುಗ ಅಲ್ಲೇ ಇರ್ತಾನೆ, ನೀವು ಕಾರಿಂದ ಇಳಿಯೋದೂ ಬೇಡ." ಪ್ಯಾಕೇಜ್‌ಗೆ 150 ಡಾಲರ್, ಇನ್ಶೂರೆನ್ಸ್ ದುಡ್ಡು ಬೇರೆ. ಕಾರ್ಡ್ ಮಷೀನ್ ಕೆಟ್ಟಿದೆ, ಝೆಲ್ (ನಮ್ಮ ಯುಪಿಐ ಥರ ಬ್ಯಾಂಕಿಂದ ಬ್ಯಾಂಕಿಗೆ ನೇರ ದುಡ್ಡು ಕಳ್ಸೋದು) ಮಾಡಿ ಅಂದ್ರು. ಮಾಡಿದೆ. ಡೆಪಾಸಿಟ್ 400 ಮಾತ್ರ ನನ್ನ ಕಾರ್ಡಿಂದಾನೇ ಬ್ಯಾಂಕಿಗೆ ನೇರ ಹೋಯ್ತು, ಅದೊಂದೇ ಪುಣ್ಯ.

ಏಜೆಂಟ್ ಅಂದ್ರೆ ನಮಗೇನು ಹೊಸದಾ? ಊರಲ್ಲಿ ಆರ್‌ಟಿಓ ಆಫೀಸ್ ಮುಂದೆ ಏಜೆಂಟ್ ಇಲ್ದೆ ಒಂದು ಕಾಗದ ಅಲ್ಲಾಡಲ್ಲ, ಅವನಿಗೆ ದುಡ್ಡು ಕೊಟ್ರೆ ಕೆಲಸ ಅಂತೂ ಆಗತ್ತೆ. ಇವನೂ ಹಂಗೇ ಅನ್ಕೊಂಡೆ. ಆದ್ರೆ ಇಲ್ಲಿ ದುಡ್ಡೂ ತಗೊಂಡ, ಕೆಲಸಾನೂ ಮಾಡ್ಲಿಲ್ಲ.

ಹೋಗೋ ದಾರಿ ಬಗ್ಗೆ ಹೆಚ್ಚು ಹೇಳಲ್ಲ. ಡಿಸೆಂಬರ್ ಮಧ್ಯದಿಂದ ಅಮೆರಿಕದಲ್ಲಿರೋ ಮೆಕ್ಸಿಕನ್ನರೆಲ್ಲಾ ಊರಿಗೆ ಹೊರಡ್ತಾರೆ, ಪೈಸಾನೊ ಅಂತಾರೆ ಅವ್ರನ್ನ. ಪಿಕಪ್ ಟ್ರಕ್ ಮೇಲೆ ಫ್ರಿಜ್ಜು, ಸೈಕಲ್ಲು, ಹಾಸಿಗೆ ಎಲ್ಲಾ ಕಟ್ಕೊಂಡು ಐ-35 ಪೂರ್ತಿ ಅವ್ರೇ. ಕೆಲವ್ರು ಲರೇಡೊದಲ್ಲಿ ಸೇರಿ ಸಾಲಾಗಿ ಕ್ಯಾರವಾನ್ ಮಾಡ್ಕೊಂಡು ಹೋಗ್ತಾರೆ, ಯಾಕಂದ್ರೆ ಆಚೆ ಕಡೆ ನುವೊ ಲರೇಡೊ ಇರೋದು ತಮೌಲಿಪಾಸ್ ರಾಜ್ಯದಲ್ಲಿ, ಅಮೆರಿಕ ಸರ್ಕಾರ "ಅಲ್ಲಿಗೆ ಹೋಗಲೇಬೇಡಿ" ಅಂತ ಲೆವೆಲ್ 4 ಎಚ್ಚರಿಕೆ ಹಾಕಿರೋ ರಾಜ್ಯ ಅದು. ನಾವು ಬೆಳಕಿದ್ದಾಗಲೇ ದಾಟಿ, ಟೋಲ್ ರೋಡ್ ಬಿಟ್ಟು ಇಳೀದೆ ಮಾಂಟೆರೆ ತಲುಪಿದ್ವಿ. ಆಮೇಲೆ ಸಾಲ್ತಿಯೊ, 57ನೇ ಹೈವೇ, ಏನೂ ತೊಂದ್ರೆ ಇಲ್ಲ. ಊರುಗಳು ಚೆಂದ, ಜನ ಒಳ್ಳೆಯವರು, ಇದನ್ನ ಸ್ಪಷ್ಟವಾಗಿ ಹೇಳ್ಬೇಕು, ಯಾಕಂದ್ರೆ ನಂಗೆ ಮೋಸ ಮಾಡಿದ ಅಂಗಡಿ ಇರೋದು ಅಮೆರಿಕದ ಕಡೆ.

ದಾರಿಲಿ ಪೆಟ್ರೋಲ್ ಬಂಕಲ್ಲೂ ಒಂದು ಪೆಟ್ಟು ಬಿತ್ತು, ಅದನ್ನೂ ಹೇಳ್ಬಿಡ್ತೀನಿ. 500 ಪೆಸೊ ನೋಟು ಕೊಟ್ಟೆ, ಹುಡುಗ ಆ ಕಡೆ ತಿರುಗಿ ಈ ಕಡೆ ತಿರುಗೋ ಅಷ್ಟರಲ್ಲಿ ಕೈಲಿ 20ರ ನೋಟು ಹಿಡ್ಕೊಂಡು "ಸೆನ್ಯೋರ್, ನೀವು ಕೊಟ್ಟಿದ್ದು ಇದು" ಅಂತಾನೆ. 2018ರಲ್ಲಿ ಬಂದ 500ರ ನೋಟೂ ನೀಲಿ, ಹಳೇ 20ರ ನೋಟೂ ನೀಲಿ, ಎರಡರಲ್ಲೂ ಬೆನಿತೊ ಹ್ವಾರೆಸ್ ಮುಖಾನೇ! 20ರದ್ದು ಪ್ಲಾಸ್ಟಿಕ್ಕು, 500ರದ್ದು ಕಾಗದ, ಮುಟ್ಟಿದ್ರೆ ಗೊತ್ತಾಗತ್ತೆ, ಆದ್ರೆ ನೋಟು ಆಗ್ಲೇ ಅವನ ಕೈಲಿ. ಹಿಂದೆ ಗಾಡಿಗಳು ಹಾರ್ನ್ ಹೊಡೀತಿವೆ, ಯಾರತ್ರ ವಾದ ಮಾಡೋದು. ಕೊಡೋವಾಗ್ಲೇ "ಕಿನಿಯೆಂತೋಸ್", ಅಂದ್ರೆ ಐನೂರು, ಅಂತ ಜೋರಾಗಿ ಹೇಳಿ, ಅವನ ಕೈ ಮೇಲಿಂದ ಕಣ್ಣು ತೆಗೀಬೇಡಿ. ಮೀಟರ್ ಸೊನ್ನೆ ಆಗಿದ್ಯಾ ಅಂತಾನೂ ನೋಡಿ.

ಇನ್ನು ವಾಪಸ್ ಬರೋ ಕಥೆ. ಹೊಸ ವರ್ಷ ಆದ್ಮೇಲೆ ಹೋದ ಪೈಸಾನೊಗಳೆಲ್ಲಾ ಒಟ್ಟಿಗೆ ವಾಪಸ್ ಬರ್ತಾರೆ. ನುವೊ ಲರೇಡೊದಲ್ಲಿ ಕ್ಯಾನ್ಸಲ್ ಮಾಡೋ ಜಾಗ ನದಿ ಪಕ್ಕ, ಬ್ರಿಡ್ಜ್ ಲೈನಿಂದ ಬೇರೆ. ಬ್ರಿಡ್ಜ್ ಲೈನಿಗೆ ಒಂದ್ಸಲ ಸೇರ್ಕೊಂಡ್ರೆ ಅಲ್ಲಿಂದ ಹೊರಗೆ ಬರಕ್ಕಾಗಲ್ಲ, ನೆನಪಿರ್ಲಿ. ಕ್ಯೂ ರೋಡ್ ತನಕ ಬಂದಿತ್ತು. ಅಂಗಡಿಯವರು ಕಳ್ಸಿದ ನಂಬರ್‌ಗೆ ಫೋನ್ ಮಾಡಿದೆ, ರಿಫ್ಲೆಕ್ಟರ್ ಜಾಕೆಟ್ ಹಾಕ್ಕೊಂಡು, ಕುತ್ತಿಗೇಲಿ ಟ್ಯಾಗ್ ನೇತಾಕ್ಕೊಂಡು ಒಬ್ಬ ಬಂದ. ಒಳ್ಳೆ ಇಂಗ್ಲಿಷು. ವಿಂಡ್‌ಶೀಲ್ಡ್ ಮೂಲೆಲಿರೋ ವಿನ್ ನಂಬರ್ (ಗಾಡಿಯ ಚಾಸಿ ನಂಬರ್) ಫೋಟೋ ತೆಗೆದ, ನನ್ನ ಪೇಪರ್ ಫೋಲ್ಡರ್ ಪೂರ್ತಿ ಇಸ್ಕೊಂಡು ಗಾಡಿಗಳ ಮಧ್ಯೆ ಮಾಯ ಆದ. ಹತ್ತು ನಿಮಿಷಕ್ಕೆ ವಾಪಸ್! "ಆಯ್ತು ಸರ್, ಪ್ರಿಂಟರ್ ಸ್ಲೋ ಇದೆ, ರಸೀದಿ ವಾಟ್ಸಾಪಿಗೆ ಬರತ್ತೆ, ನೀವು ಬ್ರಿಡ್ಜ್‌ಗೆ ಹೊರಡಿ."

ನನ್ನ ಹೆಂಡತಿ ಆಗ್ಲೇ ಕೇಳಿದ್ಲು. ಇಷ್ಟು ಜನ ಬೆಳಿಗ್ಗೆಯಿಂದ ನಿಂತಿದಾರೆ, ನಿಂಗೆ ಹೆಂಗೆ ಹತ್ತು ನಿಮಿಷಕ್ಕೆ ಆಯ್ತು? ಅವನ ಉತ್ತರ, "ಏಜೆಂಟ್‌ಗಳಿಗೆ ಕೌಂಟರ್ ಬೇರೆ ಮ್ಯಾಮ್." ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಫ್ರೆಂಡ್ ಫ್ಯಾಮಿಲಿ ಅಲ್ಲೇ ಕ್ಯೂನಲ್ಲೇ ಉಳ್ಕೊಂಡ್ರು. ನಾವು ಹ್ವಾರೆಸ್-ಲಿಂಕನ್ ಬ್ರಿಡ್ಜ್ ಲೈನಿಗೆ ಹೋದ್ವಿ. ಇಂಡಿಯನ್ ಪಾಸ್‌ಪೋರ್ಟ್ ವೀಸಾ ಇರೋರಿಗೆ ರೆಡಿ ಲೇನ್ (ಚಿಪ್ ಇರೋ ಕಾರ್ಡ್‌ನವ್ರ ಬೇಗದ ಸಾಲು) ಇಲ್ಲ, ಜನರಲ್ ಲೇನೇ ಗತಿ. ಇಂಚಿಂಚು ಹೋಗಿ ಹೋಗಿ, ಮಕ್ಕಳು ಅತ್ತು ಸುಸ್ತಾಗಿ ಮಲ್ಗಿ, ಮಧ್ಯೆ ಬಾತ್ರೂಮಿಗೆ ಪರದಾಡಿ, ಕತ್ತಲಾದ್ಮೇಲೆ ದಾಟಿದ್ವಿ. ದಾಟೋವಾಗ್ಲೇ ವಾಟ್ಸಾಪಲ್ಲಿ ರಸೀದಿ ಫೋಟೋ ಬಂತು. ಬ್ಯಾಂಕಿನ ಹೆಸರು, ನನ್ನ ಹೆಸರು, ಗಾಡಿ ನಂಬರು, 400 ಡಾಲರ್, ಎಲ್ಲಾ ಇದೆ. ಮೇಲ್ಗಡೆ ಸ್ವಲ್ಪ ಮಡಚಿತ್ತು, ಅಷ್ಟೇ. "ಡನ್ ಸರ್, ಹ್ಯಾಪಿ ನ್ಯೂ ಇಯರ್."

ಫ್ರೆಂಡ್‌ಗೆ ಕೆಲವೇ ದಿನದಲ್ಲಿ ಡೆಪಾಸಿಟ್ ಕಾರ್ಡಿಗೆ ವಾಪಸ್ ಬಂತು. ಗ್ರೂಪಲ್ಲಿ ಎಲ್ರ ಮುಂದೆ ಕೇಳ್ದ, "ನಿಂಗೆ ಬಂತಾ?" ಬಂದಿಲ್ಲ. ಅಂಗಡಿಯವರಿಗೆ ಮೆಸೇಜ್ ಹಾಕಿದೆ. "ಸರ್, ಜನವರಿ 6 ರೇಯೆಸ್ ಹಬ್ಬ, ಬ್ಯಾಂಕ್ ಎಲ್ಲಾ ನಿಧಾನ, ಹಬ್ಬ ಮುಗೀಲಿ." ಹಬ್ಬ ಮುಗೀತು. "ಸಿಸ್ಟಮ್ ಅಪ್‌ಡೇಟ್ ನಡೀತಿದೆ, 15 ವರ್ಕಿಂಗ್ ಡೇಸ್." ಫ್ರೆಂಡ್‌ಗೆ ಬಂದಿದ್ಯಲ್ಲಾ ಅಂದ್ರೆ, "ಅವರ ಬ್ಯಾಂಕ್ ಬೇರೆ ಇರತ್ತೆ ಸರ್, ಟ್ರಾಂಕಿಲೊ." ಆರಾಮಾಗಿರಿ ಅಂತೆ!

ಒಂದು ರಾತ್ರಿ ಆ ರಸೀದಿ ಫೋಟೋ ಲ್ಯಾಪ್‌ಟಾಪಲ್ಲಿ ಹಾಕಿ ದೊಡ್ದು ಮಾಡಿ ನೋಡ್ತಿದ್ದೆ, ಫ್ರೆಂಡ್ ರಸೀದಿ ಪಕ್ಕದಲ್ಲಿಟ್ಕೊಂಡು. ಕೆಳಗೆ ಬಲಗಡೆ ಮೂಲೆಲಿ ಒಂದು ಕಲೆ. ಹಳದಿ ಎಣ್ಣೆ ಕಲೆ, ಪಕ್ಕದಲ್ಲೇ ಒಂದು ಸಣ್ಣ ಚುಕ್ಕೆ. ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ಡ್ರಾಯರಿಂದ ನಮ್ಮ ಫೋಲ್ಡರ್ ತೆಗೆದೆ. ಹೋಗೋ ದಿನ ಕಾರಲ್ಲಿ ಪುಳಿಯೋಗರೆ ಡಬ್ಬಿ ಫೋಲ್ಡರ್ ಮೇಲಿಟ್ಟಿದ್ವಿ, ನಮ್ಮ ಡೆಪಾಸಿಟ್ ರಸೀದಿಗೆ ಎಣ್ಣೆ ಹತ್ತಿತ್ತು. ಅದೇ ಕಲೆ. ಅದೇ ಆಕಾರ, ಅದೇ ಚುಕ್ಕೆ. ಆ ಬೇವರ್ಸಿ ನನ್ನ ಫೋಲ್ಡರಲ್ಲಿದ್ದ ನನ್ನದೇ ರಸೀದಿನ, ಡೆಪಾಸಿಟ್ ಕಟ್ಟಿದ ರಸೀದಿನ, ತಾರೀಖು ಕಾಣ್ದಂಗೆ ಮೇಲ್ಗಡೆ ಮಡಚಿ ಫೋಟೋ ಹೊಡೆದು ಕ್ಯಾನ್ಸಲ್ ಆಗಿದೆ ಅಂತ ನಂಗೇ ಕಳ್ಸಿದಾನೆ! ಕೌಂಟರ್ ಹತ್ರಾನೂ ಹೋಗಿಲ್ಲ ಅವನು. ಹತ್ತು ನಿಮಿಷ ಯಾವ್ದೋ ಟ್ರಕ್ ಹಿಂದೆ ನಿಂತು ಫೋಟೋ ಹೊಡ್ಕೊಂಡು ಬಂದಿದಾನೆ. ಹೆಂಡತಿನ ಎಬ್ಬಿಸಿ ತೋರಿಸ್ದೆ, ಅವಳು ಏನೂ ಮಾತಾಡ್ಲಿಲ್ಲ, ಅದು ಇನ್ನೂ ಕಷ್ಟ ಆಯ್ತು. ಮೈಯೆಲ್ಲಾ ಉರಿದೋಯ್ತು, ಈಗ ಬರೀತಿದ್ರೂ ಉರೀತಿದೆ.

ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಅಂಗಡಿಗೆ ಕಳ್ಸಿದೆ. ಟೈಪಿಂಗ್, ಟೈಪಿಂಗ್ ಅಂತ ಎಷ್ಟೋ ಹೊತ್ತು. ಆಮೇಲೆ "ಸಾರಿ ಸರ್, ರಾಂಗ್ ಫೋಟೋ ಬಂದಿದೆ, ನಾಳೆ ಕರೆಕ್ಟ್ ಕಳಿಸ್ತೀವಿ." ನಾಳೆ ಬರ್ಲೇ ಇಲ್ಲ. ಮತ್ತೆ ಕೇಳಿದ್ರೆ "ನಮ್ದು ಬರೀ ಅಸಿಸ್ಟೆನ್ಸ್, ಗ್ಯಾರಂಟಿ ಅಲ್ಲ, ಬಿಲ್ ಹಿಂದೆ ಓದಿ." ಬಿಲ್ ಹಿಂದೆ ಇರುವೆ ಸೈಜಲ್ಲಿ ಸ್ಪ್ಯಾನಿಷ್. ಕೊನೆಗೆ ಏನಂದ್ರು ಗೊತ್ತಾ? "ಆ ಹುಡುಗ ನಮ್ಮವನಲ್ಲ." ಅವನ ನಂಬರ್ ಕಳ್ಸಿದ್ದೇ ಇವ್ರು, ಅದೇ ಚಾಟಲ್ಲಿ ಮೇಲೆ ಇದೆ! ಸ್ಕ್ರೀನ್‌ಶಾಟ್ ಹಾಕಿದ ತಕ್ಷಣ ಬ್ಲಾಕ್.

ಹೆಂಡತಿ ಫೋನಿಂದ ಕಾಲ್ ಮಾಡಿದೆ. ಸಕ್ಕರೆಯಂಥ ದನಿ, "ಮೆಕ್ಸಿಕೋ ಇನ್ಶೂರೆನ್ಸಾ ಸರ್? ಪರ್ಮಿಟ್ ಬೇಕಾ? ಫುಲ್ ಪ್ಯಾಕೇಜ್ ಇದೆ, ಕ್ಯಾನ್ಸಲೇಶನ್ನೂ ನಾವೇ ಮಾಡಿಸ್ತೀವಿ." ನನ್ನ ಹೆಸರು ಹೇಳಿದೆ. ಕಟ್. ನನ್ನ ಕೇಸ್ ಇನ್ನೂ ಬಿಸಿಯಾಗಿರೋವಾಗ್ಲೇ ಮುಂದಿನವ್ರಿಗೆ ಅದನ್ನೇ ಮಾರ್ತಿದಾರೆ. ಇದಕ್ಕೇ ಈ ಪೋಸ್ಟ್ ಬರೀತಿರೋದು, ಇಲ್ಲಾಂದ್ರೆ ಮರ್ಯಾದೆಗೆ ಅಂಜಿ ಸುಮ್ನಿರ್ತಿದ್ದೆ.

ನನ್ನ ಬ್ಯಾಂಕಿಗೆ ಕೇಳಿದ್ರೆ ಝೆಲ್ ನೀವೇ ಕಳ್ಸಿದ್ದು, ಏನೂ ಮಾಡಕ್ಕಾಗಲ್ಲ ಅಂದ್ರು. ಪರ್ಮಿಟ್ ತಾರೀಖು ಇನ್ನೂ ಇತ್ತು, ಹಂಗಾಗಿ ಫೆಬ್ರವರಿಲಿ ಒಂದು ವಾರದ ದಿನ ರಜೆ ಹಾಕಿ ಮತ್ತೆ ಲರೇಡೊಗೆ ಡ್ರೈವ್ ಮಾಡಿದೆ, ನಾಲ್ಕು ಗಂಟೆ ಹತ್ರ ದಾರಿ. ಒಬ್ಬನೇ ಆ ಊರಿಗೆ ಹೋಗ್ತೀನಿ ಅಂದಾಗ ಹೆಂಡತಿ ಲೊಕೇಶನ್ ಆನ್ ಇಡ್ಸಿ ಗಂಟೆಗೊಂದ್ಸಲ ಫೋನ್ ಮಾಡ್ತಿದ್ಲು. ಬ್ರಿಡ್ಜ್ ದಾಟಿ ನದಿ ಪಕ್ಕದ ಅದೇ ಜಾಗಕ್ಕೆ ಹೋದ್ರೆ ನನ್ನ ಮುಂದೆ ಇದ್ದಿದ್ದು ಒಂದೆರಡು ಗಾಡಿ. ಆಫೀಸರ್ ಹೆಂಗಸು ಹೊರಗೆ ಬಂದು, ವಿನ್ ನಂಬರ್ ಪೇಪರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಗಾಡಿ ಫೋಟೋ ತೆಗೆದು, ಕೈಗೆ ರಸೀದಿ ಕೊಟ್ರು. "ಏಜೆಂಟ್ ಕೌಂಟರ್ ಎಲ್ಲಿ?" ಅಂತ ಕೇಳಿದೆ. ಹಂಗೊಂದು ಇಲ್ವೇ ಇಲ್ಲ ಅಂದ್ರು. 400 ವಾಪಸ್ ಬಂತು. 150 ಹೋಯ್ತು, ರಜೆ ಹೋಯ್ತು, ಪೆಟ್ರೋಲ್ ಹೋಯ್ತು.

ಹೋಗೋರು ಪರ್ಮಿಟ್ಟನ್ನ ಬಾನ್ಹೆರ್ಸಿತೊ ಬ್ಯಾಂಕಿನ ಸೈಟಲ್ಲಿ ನೀವೇ, ವಾರಗಟ್ಟಲೆ ಮುಂಚೆ, ನಿಮ್ಮ ಕಾರ್ಡಲ್ಲೇ ಮಾಡ್ಕೊಳ್ಳಿ. ಕ್ಯಾನ್ಸಲ್ ರಸೀದಿ ನಿಮ್ಮ ಕೈಗೆ ಬರದೆ ಅಲ್ಲಿಂದ ಗಾಡಿ ತೆಗೀಬೇಡಿ, ಮಕ್ಕಳು ಅತ್ರೆ ಅಳ್ಲಿ. ಫೋಲ್ಡರ್ ಯಾರ ಕೈಗೂ ಕೊಡ್ಬೇಡಿ. ಸಾಧ್ಯ ಆದ್ರೆ ನುವೊ ಲರೇಡೊ ಬಿಟ್ಟು ಕೊಲಂಬಿಯಾ ಬ್ರಿಡ್ಜ್ ಕಡೆಯಿಂದ ಬನ್ನಿ, ಸ್ವಲ್ಪ ಸುತ್ತು, ಜನ ಕಮ್ಮಿ, ಪರ್ಮಿಟ್ ಕೌಂಟರ್ ಅಲ್ಲೂ ಇದೆ, ರಾತ್ರಿಯಿಡೀ ತೆಗ್ದಿರಲ್ಲ ಅಷ್ಟೇ. ಹೊರಡೋ ಮುಂಚೆ ಸಿಬಿಪಿಯವರ (ಅಮೆರಿಕದ ಬಾರ್ಡರ್ ಚೆಕಿಂಗ್ ಇಲಾಖೆ) ಬಾರ್ಡರ್ ವೇಟ್ ಟೈಮ್ ನೋಡ್ಕೊಳ್ಳಿ. ವೀಸಾ ಬಗ್ಗೆ ಗ್ರೂಪಲ್ಲಿ ಪದೇ ಪದೇ ಕೇಳ್ತಾರೆ, ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ರೆ ಮೆಕ್ಸಿಕೋ ವೀಸಾ ಬೇಡ. ಬರೀ ಐ-797 ಪೇಪರ್ (ಅಮೆರಿಕದ ಇಮಿಗ್ರೇಶನ್ ಅಪ್ರೂವಲ್ ಪತ್ರ) ತೋರಿಸಿದ್ರೆ ನಡೆಯಲ್ಲ.

ಮತ್ತೆ ಸೆಮಾನಾ ಸಾಂತಾ ಬರ್ತಿದೆ, ಈಸ್ಟರ್ ವಾರ, ಅದೇ ಜನಜಂಗುಳಿ, ಅದೇ ಜಾಕೆಟ್ ಹುಡುಗರು. ಲರೇಡೊದಲ್ಲಿ ಯಾರಾದ್ರೂ ಇಂಥ ಪ್ಯಾಕೇಜ್ ಕೊಟ್ಟು "ರಸೀದಿ ವಾಟ್ಸಾಪಿಗೆ ಕಳಿಸ್ತೀವಿ" ಅಂದಿದ್ರೆ, ಅಥವಾ ಈ ಡಿಸೆಂಬರಲ್ಲಿ ಆಗ್ಲೇ ಹಂಗೆ ಮಾಡ್ಸಿದ್ರೆ, ಇವತ್ತೇ ಆ ಫೋಟೋ ತೆಗೆದು ತಾರೀಖು ನೋಡಿ. ಡೌಟ್ ಇದ್ರೆ ಹೆಸರು, ನಂಬರ್ ಮುಚ್ಚಿ ನಂಗೆ ಕಳ್ಸಿ, ಅಸಲಿ ರಸೀದಿ ನನ್ನ ಹತ್ರ ಇದೆ, ಪಕ್ಕದಲ್ಲಿಟ್ಟು ನೋಡಿ ಹೇಳ್ತೀನಿ. ಪರ್ಮಿಟ್ ತಾರೀಖು ಮುಗಿಯೋದ್ರೊಳಗೆ ಕೇಳಿ, ಮುಗಿದ್ಮೇಲೆ ಆ 400 ವಾಪಸ್ ಬರಲ್ಲ.